ಲ್ಯೂಸೀನ್ ಶೋಧಯಂತ್ರದಲ್ಲಿ ಸೂಚಿಯ ಲೇಖನಕ್ರಮ

ಯಾವ ಪದವು ಯಾವ ದಾಖಲೆಗಳಲ್ಲಿ, ಎಷ್ಟು ಬಾರಿ, ಯಾವ ಸ್ಥಾನಗಳಲ್ಲಿ ಬಂದಿದೆಯೆಂಬುದನ್ನು ತಿಳಿಸುವುದು ಶೋಧಯಂತ್ರದ ಸೂಚಿಯ ಕಾರ್ಯ. ಆ ಅರ್ಥವನ್ನು ಡಿಸ್ಕಿನ ಮೇಲೆ ಯಾವ ಬೈಟುಗಳ ವಿನ್ಯಾಸದಲ್ಲಿ ಇರಿಸಬೇಕೆಂಬುದು ಬೇರೊಂದು ಪ್ರಶ್ನೆ. ಆದರೂ 1999ರಲ್ಲಿ ಡಗ್ ಕಟಿಂಗ್ ಅವರು ಜಾವಾ ಭಾಷೆಯಲ್ಲಿ ರಚಿಸಿದ ಲ್ಯೂಸೀನ್ ತಂತ್ರಾಂಶದಲ್ಲಿ ಇವೆರಡೂ ಬಹುಕಾಲ ಹೆಣೆದುಕೊಂಡೇ ಇದ್ದವು. 2012ರ ಅಕ್ಟೋಬರಿನಲ್ಲಿ ಹೊರಬಂದ 4.0ನೆಯ ಆವೃತ್ತಿಯು ಅವನ್ನು ಬೇರ್ಪಡಿಸಿ, ಬರೆಯುವ ಹಾಗೂ ಓದುವ ಹೊಣೆಯನ್ನು ‘ಕೋಡೆಕ್’ ಎಂಬ ಘಟಕಕ್ಕೆ ವಹಿಸಿತು.

ಈ ಬೇರ್ಪಡಿಕೆಯ ಫಲವು ಅಚಿರಕಾಲದಲ್ಲಿಯೇ ಕಂಡುಬಂದಿತು. ದಾಖಲೆಗಳ ಸಂಖ್ಯೆಗಳು ಆರೋಹಣ ಕ್ರಮದಲ್ಲಿರುವುದರಿಂದ ಅವುಗಳ ನಡುವಣ ಅಂತರವನ್ನಷ್ಟೇ ಬರೆದರೆ ಸಾಕು. ಹಿಂದಿನ ಕ್ರಮದಲ್ಲಿ ಪ್ರತಿ ಬೈಟಿನ ಏಳು ಬಿಟ್ಟುಗಳು ಅಂಕಿಯನ್ನೂ, ಎಂಟನೆಯದು ಮುಂದೆ ಇನ್ನೊಂದು ಬೈಟು ಉಂಟೇ ಎಂಬುದನ್ನೂ ಹೇಳುತ್ತಿದ್ದವು. ಸ್ಥಳವೇನೋ ಉಳಿಯುತ್ತಿದ್ದಿತು, ಆದರೆ ಬೈಟುಬೈಟಿಗೂ ಆ ಎಂಟನೆಯ ಬಿಟ್ಟನ್ನು ಪರೀಕ್ಷಿಸಬೇಕಾದ ಶ್ರಮ ತಪ್ಪುತ್ತಿರಲಿಲ್ಲ. 4.1ನೆಯ ಆವೃತ್ತಿಯ ಸಹಜ ವಿನ್ಯಾಸವು, ಎಂದರೆ ಬೇರೆ ಹೇಳದಿದ್ದಾಗ ತಾನಾಗಿ ಬಳಕೆಯಾಗುವ ವಿನ್ಯಾಸವು, 128 ಅಂತರಗಳನ್ನು ಒಂದು ಗುಂಪಾಗಿಸಿ, ಅವುಗಳಲ್ಲಿ ದೊಡ್ಡದಕ್ಕೆ ಬೇಕಾದಷ್ಟೇ ಬಿಟ್ಟುಗಳಲ್ಲಿ ಎಲ್ಲವನ್ನೂ ಒತ್ತಾಗಿ ತುಂಬಿತು. ಒಂದೇ ದಾಖಲೆಯಲ್ಲಿ ಬರುವ ಪದದ ವಿವರವನ್ನು ಪದಕೋಶದೊಳಗೇ ಸೇರಿಸುವ ಉಪಾಯವು ಮೊದಲು ಪ್ರತ್ಯೇಕ ವಿನ್ಯಾಸವಾಗಿದ್ದು, ಇದೇ ಸಂದರ್ಭದಲ್ಲಿ ಸಹಜ ವಿನ್ಯಾಸದಲ್ಲಿಯೇ ಅಂತರ್ಗತವಾಯಿತು. ವಿಶೇಷವೆಂದು ತೊಡಗಿದುದು ಹೀಗೆ ಸಾಮಾನ್ಯವಾಗುವುದನ್ನು ಕಂಡಾಗ, ಸ್ವಂತ ವಿನ್ಯಾಸಕ್ಕೆ ಕೈಹಾಕುವವನು ಮೊದಲು ಸಹಜವಾದುದನ್ನೇ ಅಳೆದು ನೋಡುವುದು ಯುಕ್ತವೆಂದು ನನಗೆ ತೋರುತ್ತದೆ.

ಸಹಜವಾದುದನ್ನೇ ಮೊದಲು ಅಳೆಯಬೇಕೆಂಬ ಈ ಮಾತು ಕನ್ನಡದ ಪಠ್ಯಕ್ಕೂ ಅನ್ವಯಿಸುತ್ತದೆ. ಯುಟಿಎಫ್-8ರಲ್ಲಿ ನಮ್ಮ ಪ್ರತಿಯೊಂದು ಅಕ್ಷರಸಂಕೇತವೂ ಮೂರು ಬೈಟುಗಳನ್ನು ಬೇಡುವುದರಿಂದ ‘ಮನೆ’ ಎಂಬುದಕ್ಕೆ 9, ‘ಮನೆಯಲ್ಲಿ’ ಎಂಬುದಕ್ಕೆ 24 ಬೈಟುಗಳಾಗುತ್ತವೆ. ಪ್ರತ್ಯಯಗಳನ್ನು ಕಳಚದೆ ಸೂಚಿಗೆ ಸೇರಿಸಿದರೆ ಕೋಶವು ಬಹಳ ಬೆಳೆಯುವುದೆಂಬ ಶಂಕೆ ಸಹಜವೇ. ಆದರೆ ಲ್ಯೂಸೀನಿನ ಪದಕೋಶವು ಸಾಮಾನ್ಯವಾಗಿ 25ರಿಂದ 48 ನಮೂದುಗಳನ್ನು ಒಂದು ಖಂಡದಲ್ಲಿರಿಸಿ, ಸಮಾನವಾದ ಪೂರ್ವಭಾಗವನ್ನು ಬಿಟ್ಟು ಶೇಷವನ್ನು ಮಾತ್ರ ಬರೆಯುತ್ತದೆ. ಪ್ರತ್ಯಯಗಳು ಪ್ರಕೃತಿಯ ಕೊನೆಗೇ ಹತ್ತುವ ನಮ್ಮ ಭಾಷೆಯಲ್ಲಿ, ಒಂದೇ ಪ್ರಕೃತಿಯ ರೂಪಗಳು ಸಾಕಷ್ಟು ಒಟ್ಟುಗೂಡಿದಲ್ಲಿ, ಆ ಭಾರದ ಬಹುಪಾಲು ತಾನಾಗಿ ಇಳಿಯುತ್ತದೆ.

ದಾಖಲೆಯೊಳಗಿನ ಕ್ಷೇತ್ರಕ್ಷೇತ್ರಕ್ಕೂ ಬೇರೆ ವಿನ್ಯಾಸವನ್ನು ನಿಯಮಿಸಬಹುದು. ಕಲಿಯುವವರಿಗೆಂದು ಇಡೀ ಸೂಚಿಯನ್ನು ಕಣ್ಣಿಗೆ ಓದಬರುವ ಪಠ್ಯವಾಗಿಯೇ ಬರೆಯುವ, ಬಳಕೆಗೆ ಸಲ್ಲದ, ‘ಸಿಂಪಲ್‌ಟೆಕ್ಸ್ಟ್’ ಎಂಬ ಸೊಗಸಾದ ಕೋಡೆಕ್ ಸಹ ಉಂಟು. ಆದರೆ ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಕಾಣುವುದು ಕಾಲ ಕಳೆದಂತೆ. ಸೂಚಿಯ ಪ್ರತಿ ಸೆಗ್ಮೆಂಟೂ, ಎಂದರೆ ಬಿಡಿಯಾಗಿ ಬರೆದ ಪ್ರತಿ ಭಾಗವೂ, ತನ್ನನ್ನು ಬರೆದ ಕೋಡೆಕ್ಕಿನ ಹೆಸರನ್ನು ಹೊತ್ತಿರುತ್ತದೆ. ತೆರೆಯುವಾಗ ಆ ಹೆಸರಿನ ಕೋಡೆಕ್ ದೊರೆಯದಿದ್ದರೆ ಸೂಚಿಯು ಓದಲಾಗದೆ ಉಳಿಯುತ್ತದೆ. ಹಳೆಯ ಸೂಚಿಗಳನ್ನು ಮುಂದಿನ ಆವೃತ್ತಿಯಲ್ಲಿ ಓದಿಸುವ ಭರವಸೆಯು ಸಹಜ ವಿನ್ಯಾಸಕ್ಕೆ ಮಾತ್ರ ಮೀಸಲು. ಸ್ವಂತ ವಿನ್ಯಾಸದ ಹೊಣೆ ಅದನ್ನು ರಚಿಸಿದವನದೇ. ಬರೆದ ಸೆಗ್ಮೆಂಟುಗಳನ್ನು ತಿದ್ದುವಂತಿಲ್ಲವಾದುದರಿಂದ, ಹೊಸ ಕೋಡೆಕ್ಕನ್ನು ನಿಯಮಿಸಿದ ಬಳಿಕವೂ, ಹಳೆಯವೆಲ್ಲ ವಿಲೀನಗೊಂಡು ಹೊಸ ಕ್ರಮದಲ್ಲಿ ಮತ್ತೆ ಬರೆಯಲ್ಪಡುವವರೆಗೆ ಹಳೆಯ ಕೋಡೆಕ್ಕನ್ನು ತೆಗೆದುಹಾಕುವಂತಿಲ್ಲ.