ಡಾನ್ ಪಾದ್ರಿಯ ನೋಟ್‌ಬುಕ್ಕು

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಪ್ರವಾಸ ಹೋಗುವ ನಮ್ಮವರು ಕ್ವೀನ್ಸ್‌ಟೌನ್ ಪಕ್ಕದ ಆರೋಟೌನ್ ಎಂಬ ಪುಟ್ಟ ಊರನ್ನು ನೋಡದೆ ಬರುವುದು ಕಡಿಮೆ. ಅಲ್ಲಿ ಹೊಳೆಯ ದಂಡೆಯಲ್ಲಿ, ಚಿನ್ನ ಹುಡುಕಿ ಬಂದ ಚೀನೀಯರ ಗುಡಿಸಲುಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ತಲೆ ಬಗ್ಗಿಸಿ ಒಳಗೆ ಹೋಗಬೇಕು. ಒಬ್ಬ ಮನುಷ್ಯ, ಒಂದು ಒಲೆ, ಅಷ್ಟೇ ಜಾಗ. ಇಂಥ ಗುಡಿಸಲುಗಳ ಬಾಗಿಲು ತಟ್ಟುತ್ತ ಬೇಸಿಗೆ ಬೇಸಿಗೆಯೂ ಕಾಲ್ನಡಿಗೆಯಲ್ಲಿ ತಿರುಗಿದವರು ಪ್ರೆಸ್ಬಿಟೇರಿಯನ್ ಪಾದ್ರಿ ಅಲೆಕ್ಸಾಂಡರ್ ಡಾನ್.

ಒಟಾಗೋ ಪ್ರಾಂತದಲ್ಲಿ 1861ರಲ್ಲಿ ಚಿನ್ನ ಸಿಕ್ಕಿತು. ನಾಲ್ಕೈದು ವರ್ಷಗಳಲ್ಲಿ ಬಿಳಿಯ ಗಣಿಗಾರರು ಬೇರೆಡೆಗೆ ಗುಳೆ ಹೊರಟಾಗ, ವ್ಯಾಪಾರ ಕುಸಿಯಬಾರದೆಂದು ಡುನೆಡಿನ್ನಿನ ವರ್ತಕರೇ ಚೀನೀಯರನ್ನು ಕರೆಸಿಕೊಂಡರು. 1881ರ ಜನಗಣತಿಯಲ್ಲಿ ದೇಶದಲ್ಲಿದ್ದ ಚೀನೀಯರು 5,004. ಅವರಲ್ಲಿ ಹೆಂಗಸರು ಒಂಬತ್ತು. ಕರೆದವರಿಗೆ ಅಷ್ಟರಲ್ಲಿ ಬೇಸರ ಬಂದಿತ್ತು. ಅದೇ ವರ್ಷ ಬಂದಿಳಿಯುವ ಪ್ರತಿ ಚೀನೀಯನಿಗೂ ಹತ್ತು ಪೌಂಡು ತಲೆಗಂದಾಯ ಬಿತ್ತು. 1896ರಲ್ಲಿ ಅದು ನೂರು ಪೌಂಡಾಯಿತು.

ಡಾನ್ ಹುಟ್ಟಿದ್ದು 1857ರಲ್ಲಿ, ಆಸ್ಟ್ರೇಲಿಯಾದ ಗಣಿ ಊರು ಬಲ್ಲಾರಟ್‌ನಲ್ಲಿ. ನ್ಯೂಜಿಲೆಂಡಿನ ಚರ್ಚು ಅವರನ್ನು ಮೊದಲು ಭಾಷೆ ಕಲಿಯಲು ಕ್ಯಾಂಟನ್ನಿಗೆ ಕಳಿಸಿತು. ಮರಳಿದ ಮೇಲೆ ರಿವರ್‌ಟನ್ ಬಳಿಯ ರೌಂಡ್ ಹಿಲ್, ಆಮೇಲೆ ಲಾರೆನ್ಸ್, ಕೊನೆಗೆ ಡುನೆಡಿನ್. ಅಲ್ಲಿ 1897ರಲ್ಲಿ ಚೀನೀಯರಿಗೊಂದು ಚರ್ಚೂ ಎದ್ದಿತು. ಆದರೆ ಅವರ ನಿಜವಾದ ಸಭೆ ಬೆಟ್ಟಗಳಲ್ಲಿ ಚದುರಿತ್ತು: ಒಂದು ಕಣಿವೆಯಲ್ಲಿ ನಾಲ್ಕು ಜನ, ಇನ್ನೊಂದರಲ್ಲಿ ಒಬ್ಬನೇ ಮುದುಕ.

ಇಷ್ಟು ನಡೆದೂ ಮತಾಂತರವಾದವರು ಬಹಳ ಕಡಿಮೆ. ಅವರು ಸಂತರೂ ಅಲ್ಲ. ಮೊದಮೊದಲ ಬರಹಗಳಲ್ಲಿ ಅಫೀಮು, ಜೂಜು, ವಿಗ್ರಹಪೂಜೆ ಎಂದು ಮೂಗು ಮುರಿಯುತ್ತಾರೆ. ಹೆಂಡಿರು ಮಕ್ಕಳಿಂದ ದೂರವಿದ್ದ ಗಂಡಸರು ಸಂಜೆ ಹೊತ್ತು ಮತ್ತೇನು ಮಾಡಿಯಾರು ಎಂದು ಓದುವ ನನಗೆ ಸಿಟ್ಟು ಬರುತ್ತದೆ. ವರ್ಷ ಕಳೆದಂತೆ ಆ ದನಿ ಮೆತ್ತಗಾಯಿತು. ಮನೆಮನೆಗೆ ಹೋಗಿ ಕೂತು, ಅವರದೇ ಭಾಷೆಯಲ್ಲಿ ಊರು ಕೇರಿ ವಿಚಾರಿಸುವವನಿಗೆ ಬಹಳ ದಿನ ಗಡುಸಾಗಿರುವುದು ಕಷ್ಟವೇನೋ.

ಆ ವಿಚಾರಣೆಯ ಫಲವೇ ಒಂದು ಪಟ್ಟಿ. 1883ರಿಂದ 1913ರವರೆಗೆ ತಾನು ಕಂಡ ಚೀನೀಯರ ಹೆಸರುಗಳನ್ನು ಡಾನ್ ಚೀನೀ ಲಿಪಿಯಲ್ಲೇ ಬರೆದಿಟ್ಟರು. ಯಾವ ಹಳ್ಳಿ, ಈಗ ಎಲ್ಲಿದ್ದಾನೆ, ಊರಿಗೆ ಹೋದನೇ, ಸತ್ತನೇ ಎಂಬ ಟಿಪ್ಪಣಿಗಳೊಂದಿಗೆ ಮೂರು ಸಾವಿರಕ್ಕೂ ಹೆಚ್ಚು ಹೆಸರುಗಳು. ಇದು ಎಷ್ಟು ದೊಡ್ಡ ಕೆಲಸ ಎಂಬುದು ಸರ್ಕಾರಿ ದಾಖಲೆ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಎಲ್ಲರೂ ‘ಆ ಲಮ್’, ‘ಆ ಸಿಂಗ್’. ಈ ‘ಆ’ ಹೆಸರೇ ಅಲ್ಲ. ಸಲಿಗೆಯಿಂದ ಕರೆಯುವಾಗ ಸೇರಿಸುವ ಮಾತು, ನಮ್ಮಲ್ಲಿ ರಾಮಣ್ಣ ಎಂದಾಗಿನ ‘ಅಣ್ಣ’ ಇದ್ದ ಹಾಗೆ. ಗುಮಾಸ್ತ ಅದನ್ನೇ ಬರೆದುಕೊಂಡ, ಮನೆತನದ ಹೆಸರು ಅಳಿಸಿಹೋಯಿತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ಅಪ್ಪನ ಹೆಸರನ್ನೋ ಅಜ್ಜನ ಊರನ್ನೋ ಸರ್‌ನೇಮ್ ಮಾಡಿಕೊಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ನಮಗೆ ಆಗಿದ್ದು ನಗುವ ಸಂಗತಿ; ಅವರ ಮೊಮ್ಮಕ್ಕಳಿಗೆ ಊರಿನ ದಾರಿಯೇ ತಪ್ಪಿತು.

ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದದ್ದು ಸುವಾರ್ತೆ ಸಾರಲು. ಅವರ ಪ್ರಸಂಗಗಳು ಇಂದು ಯಾರಿಗೆ ನೆನಪಿವೆ? 1894ರ ನಿಘಂಟು ಮಾತ್ರ ಈಗಲೂ ಮೇಜಿನ ಮೇಲಿದೆ. ಡಾನ್ ಪಟ್ಟಿಗೆ ಆ ಪಾಂಡಿತ್ಯವಿಲ್ಲ, ಅಷ್ಟು ಕೀರ್ತಿಯೂ ಬರಲಿಲ್ಲ. ಡುನೆಡಿನ್ನಿನ ವೈದ್ಯ, ಇತಿಹಾಸಕಾರ ಜೇಮ್ಸ್ ಎನ್‌ಜಿ ಅದನ್ನು ತಮ್ಮ ‘ವಿಂಡೋಸ್ ಆನ್ ಎ ಚೈನೀಸ್ ಪಾಸ್ಟ್’ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಮೇಲೆ, ಹೆಸರು ಹುಡುಕುವ ಮನೆಯವರ ಕೈಗೆ ಸಿಕ್ಕಿತು.

ಡಾನ್ ಕೊನೆಗಾಲವನ್ನು ಅದೇ ಒಳನಾಡಿನ ಓಫಿರ್‌ ಎಂಬ ಸಣ್ಣ ಊರಿನಲ್ಲಿ ಕಳೆದು, 1934ರಲ್ಲಿ ತೀರಿಕೊಂಡರು. ತಲೆಗಂದಾಯ ವಸೂಲಿ ನಿಂತದ್ದೂ ಅದೇ ವರ್ಷ. ಕಾನೂನು ಪುಸ್ತಕದಿಂದ ಅದನ್ನು ತೆಗೆಯಲು ಇನ್ನೂ ಹತ್ತು ವರ್ಷ ಹಿಡಿಯಿತು. ಸರ್ಕಾರ ಕ್ಷಮೆ ಕೇಳಿದ್ದು 2002ರಲ್ಲಿ.