ತೊಗಲ ಚೀಲದ ಉಸಿರು ಯಾರದು?

ವಾದ್ಯಕ್ಕೆ ಜಾತಿಯಿಲ್ಲ ಅನ್ನುವವರ ಮುಂದೆ ತಮಟೆ ಇಟ್ಟರೆ ಮಾತು ನಿಲ್ಲುತ್ತದೆ. ಆ ಮಾತನ್ನು ಮುಂದುವರಿಸಲು ನಾನು ಫಿಲಡೆಲ್ಫಿಯಾದ ಕಪ್ಪು ಸಂಗೀತಗಾರ ರೂಫಸ್ ಹಾರ್ಲಿಯನ್ನು (1936–2006) ನೆನೆಯುತ್ತೇನೆ.

1963ರ ನವೆಂಬರಿನಲ್ಲಿ ಕೆನಡಿಯ ಶವಯಾತ್ರೆ. ಸ್ಕಾಟ್ಲೆಂಡಿನ ‘ಬ್ಲ್ಯಾಕ್ ವಾಚ್’ ಸೇನಾಪಡೆಯ ಬ್ಯಾಗ್‌ಪೈಪ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಈತನನ್ನು ಹಿಡಿದುಬಿಟ್ಟಿತು. ನ್ಯೂಯಾರ್ಕಿನ ಗಿರವಿ ಅಂಗಡಿಯಲ್ಲಿ 120 ಡಾಲರಿಗೆ ಒಂದನ್ನು ಕೊಂಡ. 1965ರಲ್ಲಿ ‘ಬ್ಯಾಗ್‌ಪೈಪ್ ಬ್ಲೂಸ್’ ರೆಕಾರ್ಡ್ ಬಂತು.

ಸುಲಭದ ಕೆಲಸ ಅಲ್ಲ ಇದು. ವಾದ್ಯದಲ್ಲಿರುವುದು ಒಂಬತ್ತೇ ಸ್ವರ. ಕಂಕುಳ ಚೀಲ ಒತ್ತಿದಷ್ಟು ಹೊತ್ತೂ ಶ್ರುತಿಕೊಳವೆಗಳು ಮೊರೆಯುತ್ತಲೇ ಇರುತ್ತವೆ. ಸದ್ದು ತಗ್ಗಿಸುವಂತಿಲ್ಲ, ನಡುವೆ ನಿಲ್ಲಿಸುವಂತಿಲ್ಲ. ಜಾಝ್‌ಗೆ ಬೇಕಾದ್ದೋ ಬಿಡುವು, ಜಾರು, ತಿರುವು. ಆ ಇಕ್ಕಟ್ಟಿನಲ್ಲೇ ಹಾರ್ಲಿ ದಾರಿ ಮಾಡಿಕೊಂಡ. 1974ರಲ್ಲಿ ಮಾಂತ್ರೋ ಉತ್ಸವದಲ್ಲಿ ಸೋನಿ ರೋಲಿನ್ಸ್ ಜೊತೆ ಗುಲಾಮಗಿರಿಯ ಕಾಲದ ಕಪ್ಪು ಜನರ ಭಕ್ತಿಗೀತೆಯನ್ನು ನುಡಿಸಿದ. ಮುಂದೆ ಲಾರಿ ಆಂಡರ್ಸನ್‌ರ ‘ಬಿಗ್ ಸೈನ್ಸ್’ನಲ್ಲೂ (1982), ‘ದಿ ರೂಟ್ಸ್’ ತಂಡದ 1995ರ ರೆಕಾರ್ಡಿನಲ್ಲೂ ಅವನ ಉಸಿರಿದೆ. ಕೆಲವರು ಇದನ್ನು ಬರೀ ಗಮ್ಮತ್ತು ಅಂದರು.

ಸಾಮ್ರಾಜ್ಯದ ಸೈನ್ಯ ಹೊತ್ತು ತಿರುಗಿದ ವಾದ್ಯವನ್ನು ಗುಲಾಮರ ಮೊಮ್ಮಕ್ಕಳ ಪೀಳಿಗೆ ಎತ್ತಿಕೊಂಡಿತು. ನಮ್ಮಲ್ಲಿ? ಮೃದಂಗಕ್ಕೆ ತೊಗಲು ಹದಮಾಡಿದ ಕೈಗಳು ವೇದಿಕೆಯ ಕೆಳಗೇ ಉಳಿದವು. ಬಿಟ್ಟಿಚಾಕರಿಯ ತಮಟೆ ಬಡಿಯೊಲ್ಲೆವು ಅಂದದ್ದೂ ಹೋರಾಟ. ಅದೇ ತಮಟೆಯನ್ನು ಹೋರಾಟದ ಹಾಡಿಗೆ ಎತ್ತಿಕೊಂಡದ್ದೂ ಹೋರಾಟ. ಇವೆರಡನ್ನೂ ಒಟ್ಟಿಗೆ ಹೇಳದ ಸಂಗೀತ ಚರಿತ್ರೆ ಅರೆಚರಿತ್ರೆ. ಯಾವ ವಾದ್ಯ ಬಿಡಬೇಕು, ಯಾವುದನ್ನು ಹಿಡಿಯಬೇಕು ಅನ್ನೋದನ್ನು ನುಡಿಸುವವನೇ ತೀರ್ಮಾನಿಸಬೇಕು. ವಿಮರ್ಶೆ ಅಲ್ಲಿಂದ ಶುರುವಾಗಲಿ.