ಅರಳುಮರಳೆಂಬ ಮಾತಿನ ಮರೆಯಲ್ಲಿ: ಸಾಧಾರಣ ಒತ್ತಡದ ಜಲಶೀರ್ಷ ರೋಗದ ಇತಿಹಾಸ

ಮುಪ್ಪಿನಲ್ಲಿ ಬುದ್ಧಿ ಮಂಕಾಗುವುದನ್ನು ಕನ್ನಡಿಗರು ಬಹುಕಾಲದಿಂದ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತ ಬಂದಿದ್ದಾರೆ: ಅರವತ್ತಕ್ಕೆ ಅರಳುಮರಳು. ಈ ಗಾದೆಯಲ್ಲಿ ಕನಿಕರವಿದೆ, ತುಸು ವಿನೋದವೂ ಇದೆ. ಆದರೆ ಅದರೊಳಗೆ ಒಂದು ತೀರ್ಪೂ ಅಡಗಿದೆ. ವಯಸ್ಸಿನಿಂದ ಬಂದದ್ದಕ್ಕೆ ಮದ್ದಿಲ್ಲ ಎಂಬುದೇ ಆ ತೀರ್ಪು. ವೈದ್ಯಶಾಸ್ತ್ರವೂ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಹೆಚ್ಚುಕಡಿಮೆ ಇದನ್ನೇ ಒಪ್ಪಿಕೊಂಡಿತ್ತು. ಈ ತೀರ್ಪಿಗೊಂದು ಅಪವಾದವಿದೆಯೆಂದು ತಿಳಿದುಬಂದ ಬಗೆಯನ್ನೂ, ಅದರ ಚಿಕಿತ್ಸೆಗೆ ಬೇಕಾದ ಏರ್ಪಾಡು ನಮ್ಮ ದೇಶದಲ್ಲಿ, ವಿಶೇಷವಾಗಿ ದೆಹಲಿಯಲ್ಲಿ, ಬೆಳೆದ ಕ್ರಮವನ್ನೂ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಿದುಳಿನ ಒಳಗೆ ನಾಲ್ಕು ಕುಹರಗಳಿವೆ. ಅವುಗಳಲ್ಲಿ ತಿಳಿನೀರಿನಂತಹ ದ್ರವವೊಂದು ಸದಾ ಒಸರುತ್ತ, ಮಿದುಳನ್ನೂ ಬೆನ್ನುಹುರಿಯನ್ನೂ ಬಳಸಿ ಹರಿದು, ಕಡೆಗೆ ರಕ್ತದಲ್ಲಿ ಸೇರಿಹೋಗುತ್ತದೆ. ವಯಸ್ಕರಲ್ಲಿ ಯಾವುದೇ ಗಳಿಗೆಯಲ್ಲಿ ಇರುವ ದ್ರವ ಸುಮಾರು 150 ಮಿಲಿಲೀಟರು; ದಿನವೊಂದಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರು. ಆದುದರಿಂದ ಈ ದ್ರವದ ಆಯವ್ಯಯವು ಬಿಡುವಿಲ್ಲದೆ ಸರಿದೂಗುತ್ತಲೇ ಇರಬೇಕು. ಹರಿವಿಗೆ ತಡೆಯುಂಟಾದರೆ ಕುಹರಗಳು ಹಿಗ್ಗುತ್ತವೆ. ಎಲುಬಿನ ಬೆಸುಗೆ ಇನ್ನೂ ಗಟ್ಟಿಯಾಗದ ಶಿಶುವಿನಲ್ಲಿ ತಲೆಯೇ ದೊಡ್ಡದಾಗುತ್ತದೆ. ಜಲಶೀರ್ಷವೆಂಬ ಹೆಸರು ಹುಟ್ಟಿದ್ದು ಹೀಗೆ.

ವಯಸ್ಕರ ತಲೆಬುರುಡೆ ಹಿಗ್ಗಲಾರದು. ಅವರಲ್ಲಿ ರೋಗವನ್ನು ಅಳೆಯುವ ಸಾಧನವೆಂದರೆ ದ್ರವದ ಒತ್ತಡ. 1891ರಲ್ಲಿ ಜರ್ಮನಿಯ ಕ್ವಿಂಕೆ ಸೊಂಟದ ಬಳಿ ಬೆನ್ನುಮೂಳೆಗಳ ನಡುವೆ ಸೂಜಿಯಿಟ್ಟು ಇದನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದನು. ಅಮೆರಿಕದ ವಾಲ್ಟರ್ ಡ್ಯಾಂಡಿ 1918–19ರಲ್ಲಿ ಕುಹರಗಳಿಗೆ ಗಾಳಿ ತುಂಬಿಸಿ ಕ್ಷಕಿರಣ ಚಿತ್ರ ತೆಗೆಯುವ ವಿಧಾನವನ್ನು ತೋರಿಸಿದನು. ಇವೆರಡರಿಂದ ಒಂದು ನಿಯಮ ರೂಢಿಗೆ ಬಂದಿತು: ಕುಹರಗಳು ಹಿಗ್ಗಿದ್ದು ಒತ್ತಡವೂ ಹೆಚ್ಚಿದ್ದರೆ ಅದು ಜಲಶೀರ್ಷ, ಒತ್ತಡ ಸಾಧಾರಣವಾಗಿದ್ದರೆ ಮಿದುಳೇ ಸವೆದು ತೆರವಾದ ಜಾಗವನ್ನು ನೀರು ತುಂಬಿದೆಯೆಂದು ತಿಳಿಯಬೇಕು. ಮೊದಲನೆಯದಕ್ಕೆ ಶಸ್ತ್ರಚಿಕಿತ್ಸೆಯುಂಟು, ಎರಡನೆಯದಕ್ಕೆ ಏನೂ ಇಲ್ಲ. ಲೆಕ್ಕದ ಕೊನೆಯ ಶಿಲ್ಕು ಸರಿಯಾಗಿ ಕಂಡಿತೆಂದು ಪುಸ್ತಕವನ್ನೇ ಪರಿಶೀಲಿಸದೆ ಮುಚ್ಚಿದಂತೆ ಇದಾಗಿತ್ತು.

ಆ ಪುಸ್ತಕವನ್ನು ಮತ್ತೆ ತೆರೆದವನು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಶಸ್ತ್ರವೈದ್ಯ ಸಾಲೊಮೋನ್ ಹಕೀಮ್ (1922–2011). ಲೆಬನಾನಿನಿಂದ ವಲಸೆ ಬಂದ ಮನೆತನದವನು. 1957ರಲ್ಲಿ ಬೊಗೊಟಾ ನಗರದ ಸಾನ್ ಹುವಾನ್ ದೆ ದಿಯೋಸ್ ಆಸ್ಪತ್ರೆಯಲ್ಲಿ ವಾಹನದ ಅಪಘಾತಕ್ಕೆ ಸಿಕ್ಕಿದ್ದ ಹದಿನಾರು ವರ್ಷದ ಹುಡುಗನೊಬ್ಬನು ಅವನ ಆರೈಕೆಯಲ್ಲಿದ್ದನು. ಹೆಪ್ಪುಗಟ್ಟಿದ ರಕ್ತವನ್ನು ತೆಗೆದಿದ್ದರೂ ಹುಡುಗನಿಗೆ ಪೂರ್ಣ ಎಚ್ಚರ ಬರಲಿಲ್ಲ. ಕುಹರಗಳು ಹಿಗ್ಗಿದ್ದವು, ಆದರೆ ದ್ರವದ ಒತ್ತಡ 150 ಮಿಲಿಮೀಟರು ನೀರಿನಷ್ಟು, ಎಂದರೆ ಸಾಧಾರಣ. ಪರೀಕ್ಷೆಗೆಂದು ಹಕೀಮನು 15 ಮಿಲಿಲೀಟರು ದ್ರವವನ್ನು ತೆಗೆದನು. ಮಾತೇ ಆಡದಿದ್ದ ಹುಡುಗ ಆ ಬಳಿಕ ಮಾತನಾಡತೊಡಗಿದನು. ಕೆಲವು ದಿನಗಳಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಜಾರಿದನು. ಮತ್ತೆ ದ್ರವ ತೆಗೆದಾಗ ಮತ್ತೆ ಚೇತರಿಸಿದನು. ದ್ರವವನ್ನು ಹೃದಯದ ಕಡೆಗೆ ಸಾಗಿಸುವ ಷಂಟ್ ನಾಳವನ್ನು ಅಳವಡಿಸಿದ ತರುವಾಯ ಹುಡುಗ ಶಾಲೆಗೆ ಹಿಂದಿರುಗಿದನು.

1964ರಲ್ಲಿ ಹಕೀಮನು ತನ್ನ ಸಂಶೋಧನೆಯನ್ನು ಪ್ರಬಂಧರೂಪದಲ್ಲಿ ಬೊಗೊಟಾದಲ್ಲಿ ಮಂಡಿಸಿದನು. ಅದು ಸ್ಪ್ಯಾನಿಷ್ ಭಾಷೆಯಲ್ಲಿತ್ತು. ಲೋಕದ ಗಮನ ಅದರತ್ತ ಹರಿದದ್ದು ಮರುವರ್ಷ, ಬಾಸ್ಟನ್ ನಗರದ ರೇಮಂಡ್ ಆಡಮ್ಸ್, ಮಿಲ್ಲರ್ ಫಿಶರ್ ಮೊದಲಾದವರೊಡನೆ ಅವನು 1965ರ ಜುಲೈ ತಿಂಗಳಲ್ಲಿ ಇಂಗ್ಲಿಷಿನಲ್ಲಿ ಲೇಖನ ಪ್ರಕಟಿಸಿದಾಗ. ಮೂವರು ರೋಗಿಗಳ ವೃತ್ತಾಂತವನ್ನು ಒಳಗೊಂಡ ಆ ಲೇಖನದ ಶೀರ್ಷಿಕೆಯಲ್ಲಿಯೇ ಇದು ಚಿಕಿತ್ಸೆಗೆ ಒಳಪಡುವ ರೋಗವೆಂಬ ಮಾತಿತ್ತು. ನಡಿಗೆಯ ಕೇಡು, ಬುದ್ಧಿಯ ಮಾಂದ್ಯ, ಮೂತ್ರದ ಮೇಲೆ ಹತೋಟಿ ತಪ್ಪುವಿಕೆ, ಈ ಮೂರನ್ನು ಇಂದಿಗೂ ಹಕೀಮನ ಹೆಸರಿನಿಂದಲೇ ಗುರುತಿಸುತ್ತಾರೆ. ಒತ್ತಡ ಅಷ್ಟೇ ಇದ್ದರೂ, ಅದು ತಗಲುವ ಹರವು ಹೆಚ್ಚಿದಂತೆ ಒಟ್ಟು ಬಲವೂ ಹೆಚ್ಚುತ್ತದೆಂಬುದು ಅವನು ಕೊಟ್ಟ ವಿವರಣೆ. ಇಂದಿನ ವಿದ್ವಾಂಸರು ಇದೊಂದರಿಂದಲೇ ತೃಪ್ತರಾಗಿಲ್ಲ. ರಕ್ತನಾಳಗಳ ಮಿಡಿತ, ದ್ರವ ಹೀರಿಕೆಯ ಕುಂದು ಮುಂತಾದವನ್ನೂ ವಿಚಾರಿಸುತ್ತಿದ್ದಾರೆ.

ಅದೇ 1965ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಪ್ರಕಾಶ ನಾರಾಯಣ ಟಂಡನ್ ಅವರ ನೇತೃತ್ವದಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವು ಆರಂಭವಾದುದು ಕೇವಲ ಕಾಕತಾಳೀಯವಾದರೂ ಸ್ಮರಣಾರ್ಹ. ನಮ್ಮ ದೇಶದಲ್ಲಿ ಈ ವಿದ್ಯೆ ಆಗ ಇನ್ನೂ ಎಳೆಯದು: ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರು 1949ರಲ್ಲಿಯೂ, ಮದರಾಸಿನಲ್ಲಿ ಬಿ. ರಾಮಮೂರ್ತಿಯವರು 1950ರಲ್ಲಿಯೂ ಅದಕ್ಕೆ ತಳಹದಿ ಹಾಕಿದ್ದರು. ಬೆಂಗಳೂರಿನಲ್ಲಿ ಅದನ್ನು ಬೆಳೆಸಿದ ಆರ್. ಎಂ. ವರ್ಮಾ ಅವರು 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಚಿಕಿತ್ಸೆಯ ಜೀವಾಳವೆಂದರೆ ದ್ರವವನ್ನು ಒಂದೇ ದಿಕ್ಕಿಗೆ, ತಕ್ಕ ಪ್ರಮಾಣದಲ್ಲಿ ಬಿಡುವ ಪುಟ್ಟ ಕವಾಟ. 1950ರ ದಶಕದ ನಡುವೆ ಫಿಲಡೆಲ್ಫಿಯಾದ ಜಾನ್ ಹೋಲ್ಟರ್ ಎಂಬ ಯಂತ್ರಕರ್ಮಿ ತನ್ನ ಮಗುವಿನ ಸಂಕಟವನ್ನು ನೋಡಲಾರದೆ ಅಂತಹದೊಂದನ್ನು ನಿರ್ಮಿಸಿದನು. ಹಕೀಮನೂ ತನ್ನದೇ ಕವಾಟವನ್ನು ರಚಿಸಿದನು. ಪರದೇಶದ ಕವಾಟಗಳ ಬೆಲೆ ನಮ್ಮ ಬಡವರಿಗೆ ನಿಲುಕುವಂತಿರಲಿಲ್ಲ. ದೆಹಲಿಯ ಮೇಲ್ಕಂಡ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರವೈದ್ಯರಾಗಿದ್ದ ಪಿ. ಉಪಾಧ್ಯಾಯರು ಅಗ್ಗದ ಷಂಟನ್ನು ರೂಪಿಸಿದರು. ಉತ್ತರ ಪ್ರದೇಶದ ಡಿ. ಕೆ. ಛಾಬ್ರಾ ಅವರ ಹೆಸರಿನ ಷಂಟು ಶಾಹಜಹಾನಪುರದಲ್ಲಿ ತಯಾರಾಗಿ ಹೊರದೇಶಗಳಿಗೂ ಹೋಯಿತು. ಉಗಾಂಡದಲ್ಲಿ 195 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು 35 ಡಾಲರಿನ ಛಾಬ್ರಾ ಷಂಟಿಗೂ ಸುಮಾರು 650 ಡಾಲರಿನ, ಹಕೀಮನ ಹೆಸರನ್ನೇ ಹೊತ್ತ ಷಂಟಿಗೂ ವರ್ಷಾವಧಿಯ ಫಲದಲ್ಲಿ ಗಣನೀಯ ಅಂತರ ಕಾಣಲಿಲ್ಲ.

ರೋಗನಿರ್ಣಯವೂ ಸುಲಭವಾಗುತ್ತ ಬಂದಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಕೆಯಾದ ಸಿ.ಟಿ. ಯಂತ್ರವು ತಲೆಗೆ ಗಾಳಿ ತುಂಬಿಸುವ ಯಾತನೆಯನ್ನು ತಪ್ಪಿಸಿತು. ಭಾರತದ ಮೊದಲ ಎಂ.ಆರ್.ಐ. ಯಂತ್ರವು 1986ರಲ್ಲಿ ದೆಹಲಿಯ ಅಣುವೈದ್ಯ ಸಂಸ್ಥೆಯಾದ ಇನ್ಮಾಸ್‌ನಲ್ಲಿ ನೆಲೆಗೊಂಡಿತು. ಚಿತ್ರದಲ್ಲಿ ಕುಹರಗಳ ಮುಂಭಾಗದ ಅಗಲವು ತಲೆಬುರುಡೆಯ ಒಳ ಅಗಲದ ಹತ್ತರಲ್ಲಿ ಮೂರು ಪಾಲನ್ನು ಮೀರಿದ್ದರೆ ಸಂಶಯಕ್ಕೆ ಎಡೆಯುಂಟು. ಆಗ ಸೊಂಟದಿಂದ 30ರಿಂದ 50 ಮಿಲಿಲೀಟರು ದ್ರವ ತೆಗೆದು, ಮುನ್ನ ಮತ್ತು ಅನಂತರ ರೋಗಿಯನ್ನು ನಡೆಸಿ ಕಾಲವನ್ನು ಎಣಿಸುತ್ತಾರೆ. ನಡಿಗೆ ಹಗುರಾದರೆ ಷಂಟ್ ಫಲಿಸುವ ಭರವಸೆಯಿದೆ. ಆಗದಿದ್ದರೂ ಆಸೆಯನ್ನು ಪೂರ್ತಿ ಕೈಬಿಡುವಂತಿಲ್ಲ.

ಈ ಚಿಕಿತ್ಸೆಯನ್ನು ಹೊಗಳುವಾಗ ಮಿತಿಯನ್ನೂ ಹೇಳಬೇಕು. ಸೋಂಕು, ನಾಳ ಕಟ್ಟಿಕೊಳ್ಳುವುದು, ದ್ರವ ಮಿತಿಮೀರಿ ಹರಿದು ಮಿದುಳಿನ ಹೊರಗೆ ರಕ್ತಸ್ರಾವವಾಗುವುದು, ಇವೆಲ್ಲ ಸಂಭವಿಸುತ್ತವೆ. ಷಂಟಿನ ಫಲ ನಿಜವೋ ಭ್ರಮೆಯೋ ಎಂಬ ಶಂಕೆಯೂ ದೀರ್ಘಕಾಲ ಉಳಿದಿತ್ತು. 2025ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 99 ರೋಗಿಗಳಿಗೂ ಕವಾಟವನ್ನು ಅಳವಡಿಸಿ, ಕೆಲವರಲ್ಲಿ ಅದನ್ನು ತೆರೆದು, ಉಳಿದವರಲ್ಲಿ ಮುಚ್ಚಿದಂತೆಯೇ ಇರಿಸಲಾಯಿತು. ಮೂರು ತಿಂಗಳಲ್ಲಿ ಕವಾಟ ತೆರೆದವರ ನಡಿಗೆಯ ವೇಗ ಸ್ಪಷ್ಟವಾಗಿ ಹೆಚ್ಚಿತು. ನೆನಪಿನ ಶಕ್ತಿ ಮಾತ್ರ ನಡಿಗೆಯಷ್ಟು ಖಚಿತವಾಗಿ ಮರಳುವುದಿಲ್ಲ. ತಡವಾದಷ್ಟೂ ಮರಳಿ ಪಡೆಯುವುದು ಕಡಿಮೆ.

ದೆಹಲಿಯ ಕನ್ನಡಿಗರಿಗೆ ಈ ಇತಿಹಾಸದಲ್ಲಿ ವಿಶೇಷ ಅರ್ಥವಿದೆ. ಧಾರವಾಡದಿಂದಲೋ ಮೈಸೂರಿನಿಂದಲೋ ಮಗನ ಮನೆಗೆಂದು ನೋಯ್ಡಾಕ್ಕೆ, ಗುರುಗ್ರಾಮಕ್ಕೆ ಬಂದ ಹಿರಿಯರು ಕಾಲು ನೆಲಕ್ಕೆ ಅಂಟಿದಂತೆ ಹೆಜ್ಜೆಯೆಳೆಯತೊಡಗಿದರೆ ಮನೆಯವರು ಚಳಿಯನ್ನು ದೂರುತ್ತಾರೆ, ಮಂಡಿಯನ್ನು ದೂರುತ್ತಾರೆ. ಅವರ ಮಾತು ಕಡಿಮೆಯಾದರೆ ಹಿಂದಿ ಬಾರದ್ದರಿಂದ ಎನ್ನುತ್ತಾರೆ. ಮೂತ್ರದ ತೊಂದರೆಯನ್ನು ಅವರೇ ನಾಚಿಕೆಯಿಂದ ಮುಚ್ಚಿಡುತ್ತಾರೆ. ಹೀಗೆ ಮೂರು ಲಕ್ಷಣಗಳೂ ಮೂರು ಬೇರೆ ಬೇರೆ ನೆಪಗಳಲ್ಲಿ ಹಂಚಿಹೋಗುತ್ತವೆ. ಮುಪ್ಪಿನ ಮರೆವೆಲ್ಲ ಈ ರೋಗವಲ್ಲ. ಬಹುಪಾಲು ಮರೆವಿಗೆ ಬೇರೆ ಕಾರಣಗಳಿವೆ. ಆದರೆ ಈ ರೋಗದಲ್ಲಿ ನಡಿಗೆ ಸಾಮಾನ್ಯವಾಗಿ ಮೊದಲು ಕೆಡುತ್ತದೆ, ಮರೆವು ಆಮೇಲೆ ಬರುತ್ತದೆ. ಯಾವುದು ಮೊದಲು ಕೆಟ್ಟಿತೆಂದು ವೈದ್ಯರು ಕೇಳುವ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡದು. ದಿನವೂ ಜೊತೆಯಲ್ಲಿದ್ದು ನೋಡಿದವರೇ ಕೊಡಬೇಕು.